ಗೇಮ್ ಟ್ರೇಲರ್‌ನಲ್ಲಿ ಇಷ್ಟೊಂದು ರಕ್ತ ಯಾಕೆ? ನಮ್ಮವ್ವ ಕೇಳಿದ್ದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ

ಜೋಳದರೊಟ್ಟಿ_88:

ಉದ್ದ ಪೋಸ್ಟ್, ಮೊದಲೇ ಹೇಳಿಬಿಡುತ್ತೇನೆ.

ಹೋದ ವಾರ ಊರಿಗೆ ಹೋಗಿದ್ದೆ. ತಮ್ಮ ಸೆಕೆಂಡ್ ಹ್ಯಾಂಡ್ ಪಿಎಸ್4 (ಟಿವಿಗೆ ಹಾಕಿ ಆಡುವ ಸೋನಿಯ ಗೇಮ್ ಯಂತ್ರ) ತಂದಿದ್ದಾನೆ. ಯಾವ ಆಟ ತಗೊಳ್ಳೋಣ ಅಂತ ಇಬ್ಬರೂ ಟಿವಿ ಮುಂದೆ ಕೂತು ಟ್ರೇಲರ್ ನೋಡುತ್ತಿದ್ದೆವು. ಹಿಂದೆ ಅವ್ವ ಪೇಪರ್ ಹಾಸಿಕೊಂಡು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು. ನಾನು ದ ಲಾಸ್ಟ್ ಆಫ್ ಅಸ್ ಪಾರ್ಟ್ 2ರ ಹಳೇ ಟ್ರೇಲರ್ ಹಾಕಿದೆ. 2017ರ ಅಕ್ಟೋಬರ್ ಕೊನೆಗೆ ಪ್ಯಾರಿಸ್ ಗೇಮ್ಸ್ ವೀಕ್‌ನಲ್ಲಿ ಸೋನಿ ತೋರಿಸಿತ್ತಲ್ಲ, ಅದು.

ನೋಡದೇ ಇದ್ದವರಿಗೆ ಹೇಳುತ್ತೇನೆ. ರಾತ್ರಿ, ಧೋ ಅಂತ ಮಳೆ, ಕಾಡು. ಒಬ್ಬ ಹೆಂಗಸನ್ನು ಕೆಸರಿನಲ್ಲಿ ಎಳೆದುಕೊಂಡು ಬಂದು ಕುತ್ತಿಗೆಗೆ ಹಗ್ಗ ಹಾಕಿ ಮೇಲಕ್ಕೆ ಎತ್ತುತ್ತಾರೆ. ಇನ್ನೊಬ್ಬಳು ಅವಳ ಹೊಟ್ಟೆ ಸೀಳಲು ಚಾಕು ಹಿಡಿದು ನಿಂತಿರುತ್ತಾಳೆ. ಅಷ್ಟರಲ್ಲಿ ಒಂದು ಹುಡುಗಿಯನ್ನು ಹಿಡಿದು ತಂದು ಕೈ ಒತ್ತಿ ಹಿಡಿದು ಸುತ್ತಿಗೆಯಿಂದ ಹೊಡೆಯುತ್ತಾರೆ. ಮೂಳೆ ಮುರಿಯುವ ಸದ್ದು ಸ್ಪಷ್ಟವಾಗಿ ಕೇಳುತ್ತದೆ. ಎಲ್ಲಾ ಸೇರಿ ಹೆಚ್ಚೂಕಡಿಮೆ 5 ನಿಮಿಷ. ಇವರು ಯಾರು, ಯಾಕೆ ಹೊಡೆಯುತ್ತಿದ್ದಾರೆ, ಒಂದೂ ಗೊತ್ತಾಗಲ್ಲ. ಮೊದಲ ಆಟದಿಂದ ಎಲ್ಲರಿಗೂ ಗೊತ್ತಿದ್ದ ಎಲಿ ಆಗಲಿ ಜೋಯೆಲ್ ಆಗಲಿ ಅದರಲ್ಲಿ ಇಲ್ಲವೇ ಇಲ್ಲ.

ನಾನು ಆಟವನ್ನು ಎರಡು ಸಲ ಮುಗಿಸಿದವನು. ಏನೂ ಅನಿಸಲಿಲ್ಲ. ಸುತ್ತಿಗೆ ಏಟು ಬಿದ್ದಾಗ ಮಾತ್ರ ಹಿಂದಿನಿಂದ ಅವ್ವ ‘ಯಪ್ಪಾ ಶಿವನೇ’ ಅಂದಳು. ಸೊಪ್ಪು ಬಿಡಿಸೋದು ನಿಂತಿತ್ತು. ಆಮೇಲೆ ಕೇಳಿದಳು: ‘ತಮ್ಮಾ, ಇದು ಆಟ ಏನು? ಇದನ್ನ ಯಾರ್ ಆಡ್ತಾರ?’

ನಾನು ಆಡ್ತೀನವ್ವ ಅಂತ ಹೇಳಲಿಕ್ಕೆ ಬಾಯಿ ಬರಲಿಲ್ಲ.

ನನ್ನ ಪ್ರಶ್ನೆ ಇಷ್ಟೇ. ಆಟದಲ್ಲಿ ಹಿಂಸೆ ಇರಬಾರದು ಅಂತ ನಾನು ಹೇಳುತ್ತಿಲ್ಲ, ಆ ಆಟಕ್ಕೆ ಅದು ಬೇಕೇ ಬೇಕು. ಆದರೆ ಆಟ ಬಂದದ್ದು 2020ರ ಜೂನ್ 19ಕ್ಕೆ. ಎರಡೂವರೆ ವರ್ಷಕ್ಕೂ ಮುಂಚೆ, ಹೆಸರೂ ಹೇಳದೆ, ಮುರಿಯುವ ಕೈಯೊಂದನ್ನೇ ಜಗತ್ತಿಗೆ ತೋರಿಸುವ ಅವಶ್ಯಕತೆ ಏನಿತ್ತು? ಇದರಿಂದ ಒಂದು ಕಾಪಿ ಆದರೂ ಜಾಸ್ತಿ ಮಾರಾಟ ಆಗುತ್ತಾ?

ಪಿಕ್ಸೆಲ್‌ಪುಟ್ಟ:

ಗುರುವೇ, ಆ ಟ್ರೇಲರ್ ಬಂದಾಗಲೇ ಈ ಗಲಾಟೆ ಎಲ್ಲಾ ಆಗಿಹೋಗಿದೆ. ಸೋನಿ ಯುರೋಪಿನ ಮುಖ್ಯಸ್ಥರಾಗಿದ್ದ ಜಿಮ್ ರಯಾನ್ ಆಗ ಹೇಳಿದ್ದರ ಸಾರಾಂಶ: ದೊಡ್ಡವರು ಮಾಡಿದ ಆಟ, ದೊಡ್ಡವರು ಆಡೋದಕ್ಕೆ. ಅಷ್ಟೇ ವಿಷಯ. ನಿಮ್ಮ ತಾಯಿಯವರ ಮೇಲೆ ಗೌರವ ಇದೆ, ಆದರೆ ಆ ಟ್ರೇಲರ್ ಅವರಿಗೆ ಮಾಡಿದ್ದಲ್ಲ. ಮಚ್ಚು ಲಾಂಗು ಝಳಪಿಸದ ಸಿನಿಮಾ ಟೀಸರ್ ನಮ್ಮಲ್ಲಿ ಎಷ್ಟಿದೆ ಹೇಳಿ? ಅದಕ್ಕೆ ಸೀಟಿ ಹೊಡೀತೀವಿ, ಗೇಮ್ ಅಂದ ತಕ್ಷಣ ಮಡಿ ಮೈಲಿಗೆ.

ಈ ಭಯ ಹೊಸದೂ ಅಲ್ಲ. ಮಾರ್ಟಲ್ ಕಾಂಬ್ಯಾಟ್‌ನಲ್ಲಿ ಬೆನ್ನುಮೂಳೆ ಸಮೇತ ತಲೆ ಕೀಳೋದು ನೋಡಿ 1993ರ ಡಿಸೆಂಬರ್‌ನಲ್ಲಿ ಅಮೆರಿಕದ ಸೆನೆಟ್ ವಿಚಾರಣೆಯನ್ನೇ ನಡೆಸಿತು. ಅದರಿಂದ 1994ರಲ್ಲಿ, ಯಾವ ಆಟ ಯಾವ ವಯಸ್ಸಿನವರಿಗೆ ಅಂತ ಹೇಳುವ ಇಎಸ್‌ಆರ್‌ಬಿ ರೇಟಿಂಗ್ ಬಂತು. ಹಿಂಸೆಯ ಆಟಗಳನ್ನು ಮಕ್ಕಳಿಗೆ ಮಾರಬಾರದು ಅನ್ನೋ ಕ್ಯಾಲಿಫೋರ್ನಿಯಾದ ಕಾನೂನನ್ನು 2011ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 7-2ರಲ್ಲಿ ಬಿಸಾಕಿತು. ಆಕ್ಸ್‌ಫರ್ಡ್‌ನವರು 2019ರಲ್ಲಿ 14-15 ವಯಸ್ಸಿನ 1,004 ಮಕ್ಕಳನ್ನು, ಅವರ ಪೋಷಕರನ್ನು ಕೇಳಿ ನೋಡಿದರು, ಹಿಂಸೆಯ ಆಟಕ್ಕೂ ಮಕ್ಕಳ ಜಗಳಗಂಟ ಸ್ವಭಾವಕ್ಕೂ ನಂಟು ಸಿಗಲಿಲ್ಲ.

ಮತ್ತೆ ಹುಟ್ಟಿದ ದಿನಾಂಕ ಕೇಳದೆ ಇಂಥ ಟ್ರೇಲರ್ ತೋರಿಸೋದೂ ಇಲ್ಲ ಎಷ್ಟೋ ಕಡೆ. (ನಾನು 1900ರ ಜನವರಿ 1ಕ್ಕೆ ಹುಟ್ಟಿದವನು. ಮೌಸ್ ಉರುಳಿಸುವಷ್ಟು ತಾಳ್ಮೆ ಯಾರಿಗಿದೆ.)

ಜೋಳದರೊಟ್ಟಿ_88:

@ಪಿಕ್ಸೆಲ್‌ಪುಟ್ಟ ಅವ್ವ ನೋಡಿ ಕೊಲೆ ಮಾಡ್ತಾಳೆ ಅಂತ ನಾನು ಎಲ್ಲಿ ಹೇಳಿದೆ 😄 ನಂಟು ಇದೆಯೋ ಇಲ್ಲವೋ ಅನ್ನೋದು ಬೇರೆ ಚರ್ಚೆ. ನಾನು ಕೇಳಿದ್ದು ಜಾಹೀರಾತಿನ ಬಗ್ಗೆ. ಆಟವನ್ನು ನಾನು ದುಡ್ಡು ಕೊಟ್ಟು, ಬೇಕು ಅಂತ ಕೂತು ಆಡುತ್ತೇನೆ. ಟ್ರೇಲರ್ ಹಾಗಲ್ಲ, ಅದು ರೂಮಿನಲ್ಲಿ ಇದ್ದವರಿಗೆಲ್ಲ ಬಡಿಯುತ್ತದೆ.

ಹಳೇ_ಕ್ಯಾಸೆಟ್:

ನಾನು 40 ದಾಟಿದವನು, ಈ ವಿಷಯದಲ್ಲಿ ಸ್ವಲ್ಪ ಹುಚ್ಚು ಜಾಸ್ತಿ, ಸಹಿಸಿಕೊಳ್ಳಿ.

2011 ಮತ್ತು 2012, ಈ ಎರಡು ವರ್ಷ ನೋಡಿದರೆ ರೊಟ್ಟಿಯವರ ಪ್ರಶ್ನೆಗೆ ಅರ್ಧ ಉತ್ತರ ಸಿಗುತ್ತದೆ. 2011ರ ಫೆಬ್ರವರಿಯಲ್ಲಿ ಡೆಡ್ ಐಲ್ಯಾಂಡ್ ಟ್ರೇಲರ್ ಬಂತು. ನೋಡಿಲ್ಲದವರು ನೋಡಿ, ಆದರೆ ಮಕ್ಕಳಿರುವವರು ಒಬ್ಬರೇ ಇದ್ದಾಗ ನೋಡಿ. ರಜೆಗೆ ಬಂದ ಒಂದು ಕುಟುಂಬ, ಹೋಟೆಲ್ ರೂಮು, ಜಾಂಬಿಗಳು. ಪೂರ್ತಿ ಹಿಂದುಮುಂದು ಓಡುತ್ತದೆ. ನೆಲದ ಮೇಲೆ ಸತ್ತು ಬಿದ್ದಿರುವ ಪುಟ್ಟ ಹುಡುಗಿ ಮೆಲ್ಲಗೆ ಗಾಳಿಯಲ್ಲಿ ಮೇಲೆ ಮೇಲೆ ಹೋಗಿ ಒಡೆದ ಕಿಟಕಿಯೊಳಗೆ ಸೇರಿಕೊಳ್ಳುತ್ತಾಳೆ. ಗಾಜಿನ ಚೂರು ಒಟ್ಟಾಗುತ್ತದೆ. ಹಿಂದೆ ಪಿಯಾನೋ. ಕೆಳಗೆ ಎಸೆದವನು ಅವಳ ಅಪ್ಪನೇ ಅಂತ ಆಮೇಲೆ ಗೊತ್ತಾಗುತ್ತದೆ. ಅಷ್ಟು ಹೊತ್ತಿಗೆ ಅವಳೂ ಜಾಂಬಿ ಆಗಿರುತ್ತಾಳೆ. ಇದನ್ನು ಮಾಡಿದ್ದು ಗ್ಲಾಸ್ಗೋದ ಆ್ಯಕ್ಸಿಸ್ ಅನಿಮೇಷನ್, ಆಟ ಮಾಡಿದ್ದು ಪೋಲೆಂಡಿನ ಟೆಕ್‌ಲ್ಯಾಂಡ್. ಗಮನಿಸಿ, ಎರಡೂ ಬೇರೆ ಬೇರೆ. ಟ್ರೇಲರ್‌ಗೆ ಕಾನ್ ಜಾಹೀರಾತು ಹಬ್ಬದಲ್ಲಿ ಚಿನ್ನದ ಸಿಂಹ ಸಿಕ್ಕಿತು. ಸೆಪ್ಟೆಂಬರ್‌ನಲ್ಲಿ ಆಟ ಬಂತು. ನಾನು ಆಸೆಯಿಂದ ತಗೊಂಡೆ. ಆ ದುಃಖ ಎಲ್ಲೂ ಇಲ್ಲ! ದೋಣಿಯ ಹುಟ್ಟು ಹಿಡಿದುಕೊಂಡು ಬೀಚ್‌ನಲ್ಲಿ ಜಾಂಬಿ ತಲೆ ಒಡೆಯುತ್ತಾ ಓಡಾಡೋದು. ಆಟ ಕೆಟ್ಟದ್ದೇನಲ್ಲ, ಮಜಾ ಇದೆ, ಆದರೆ ಮದುವೆ ಕಾರ್ಡ್ ಒಬ್ಬರದ್ದು, ಊಟ ಇನ್ನೊಬ್ಬರ ಮನೆಯದ್ದು.

ಇದರಲ್ಲೊಂದು ತಮಾಷೆ ಇದೆ. ಆಟದ ಲೋಗೋದಲ್ಲಿ ಒಂದು ಅಕ್ಷರದ ಜಾಗದಲ್ಲಿ ಮರಕ್ಕೆ ನೇಣು ಬಿದ್ದ ಮನುಷ್ಯನ ಕಪ್ಪು ನೆರಳು ಇತ್ತು. ಅಮೆರಿಕದಲ್ಲಿ ಅದಕ್ಕೆ ತಕರಾರು ಬಂದು ನೇಣು ತೆಗೆದು, ಮರದ ಪಕ್ಕ ನಿಂತ ಜಾಂಬಿ ಹಾಕಿದರು. ಮಗು ಕಿಟಕಿಯಿಂದ ಬೀಳೋದು ನಡೆಯುತ್ತದೆ, ಉಗುರಿನಷ್ಟು ದೊಡ್ಡ ನೆರಳು ನಡೆಯಲ್ಲ.

ಅದೇ ವರ್ಷ ಜನವರಿಯಲ್ಲಿ ಡೆಡ್ ಸ್ಪೇಸ್ 2 ಆಟಕ್ಕೆ ಇಎ ಕಂಪನಿ ಮಾಡಿದ ಪ್ರಚಾರ ನೆನಪಿದೆಯಾ? ರೊಟ್ಟಿಯವರೇ, ಇದು ನಿಮಗೇ ಹೇಳಿ ಮಾಡಿಸಿದ್ದು. 200ಕ್ಕೂ ಹೆಚ್ಚು ಅಮ್ಮಂದಿರನ್ನು ಕರೆಸಿ, ಆಟದ ಅತ್ಯಂತ ಅಸಹ್ಯ ದೃಶ್ಯಗಳನ್ನು ತೋರಿಸಿ, ಅವರು ಮುಖ ಕಿವುಚಿದ್ದು, ಬೆಚ್ಚಿದ್ದು, ಬೈದದ್ದನ್ನು ಚಿತ್ರೀಕರಿಸಿ ಅದನ್ನೇ ಜಾಹೀರಾತು ಮಾಡಿದರು. ನಿಮ್ಮ ಅಮ್ಮನಿಗೆ ಇದು ಸುತಾರಾಂ ಇಷ್ಟ ಆಗಲ್ಲ, ಅದಕ್ಕೇ ತಗೊಳ್ಳಿ ಅಂತ. ಆಟದ ರೇಟಿಂಗ್ 17 ದಾಟಿದವರಿಗೆ. ಅಮ್ಮನಿಗೆ ಇಷ್ಟ ಆಗಲ್ಲ ಅಂದರೆ ಕುಣಿಯುವ ವಯಸ್ಸು ಯಾವುದು ಸ್ವಾಮಿ, 30ಆ? ಪುಟ್ಟ ಅವರ ‘ದೊಡ್ಡವರಿಗೆ ಮಾತ್ರ’ ವಾದ ಇಲ್ಲಿ ಸ್ವಲ್ಪ ಕುಂಟುತ್ತದೆ.

2012ರ ಮೇನಲ್ಲಿ ಹಿಟ್‌ಮ್ಯಾನ್ ಅಬ್ಸಲ್ಯೂಷನ್ ಆಟದ ಟ್ರೇಲರ್. ಸನ್ಯಾಸಿನಿ ವೇಷ ಕಿತ್ತೆಸೆದು ಮಿರಿಮಿರಿ ಚರ್ಮದ ಬಟ್ಟೆಯಲ್ಲಿ ಬಂದೂಕು ಹಿಡಿದು ಬರುವ ಹೆಂಗಸರು, ಅವರನ್ನು ಒಬ್ಬೊಬ್ಬರನ್ನಾಗಿ ಮೂಗು ಮುರಿದು ಕೊಲ್ಲುವ ನಾಯಕ, 47 ಅನ್ನುವ ಬಾಡಿಗೆ ಕೊಲೆಗಾರ. ಅದಕ್ಕೆ ಬಂದ ಬೈಗುಳಕ್ಕೆ ಆಟದ ನಿರ್ದೇಶಕರೇ ಕ್ಷಮೆ ಕೇಳಬೇಕಾಯಿತು. ಜೂನ್‌ನಲ್ಲಿ ಲಾಸ್ ಏಂಜಲೀಸ್‌ನ ಇ3 ಗೇಮ್ ಮೇಳ. ಮೊದಲ ಲಾಸ್ಟ್ ಆಫ್ ಅಸ್ ಆಟವನ್ನು ವೇದಿಕೆ ಮೇಲೆ ಆಡಿ ತೋರಿಸಿದರು. ಕೊನೆಗೆ ಒಬ್ಬ ಕೈ ಎತ್ತಿ ಬೇಡ ಬೇಡ ಅಂತ ಗೋಗರೆಯುತ್ತಾನೆ, ಜೋಯೆಲ್ ಅವನ ಮುಖಕ್ಕೇ ಗುಂಡು ಹೊಡೆಯುತ್ತಾನೆ, ಅಲ್ಲಿಗೆ ಕತ್ತಲು. ಸಭೆ ಹೋ ಅಂತ ಚಪ್ಪಾಳೆ. ನನಗೆ ಗುಂಡಿಗಿಂತ ಆ ಚಪ್ಪಾಳೆಯೇ ಇನ್ನೂ ಕಿವಿಯಲ್ಲಿದೆ. ಡ್ಯೂಸ್ ಎಕ್ಸ್ ಆಟ ಮಾಡಿದ ವಾರನ್ ಸ್ಪೆಕ್ಟರ್ ಆ ವರ್ಷದ ಇ3 ನೋಡಿ, ಈ ಅತಿ ಹಿಂಸೆ ನಿಲ್ಲಬೇಕು ಅಂತ ಬಾಯಿಬಿಟ್ಟು ಹೇಳಿದರು. ಅವರು ಸಭ್ಯಸ್ಥ ಮೇಷ್ಟ್ರಲ್ಲ, ಅದೇ ಧಂದೆಯವರು.

ಮಾರಾಟ ಆಗುತ್ತಾ ಅಂದರೆ, ಆಗುತ್ತೆ. ಎರಡು ಗಂಟೆಯ ಶೋನಲ್ಲಿ ಮೂವತ್ತು ನಲವತ್ತು ಟ್ರೇಲರ್. ಮಾರನೇ ದಿನ ಜನ ಮಾತಾಡೋದು ಒಂದೆರಡರ ಬಗ್ಗೆ. ಆ ಒಂದೆರಡರಲ್ಲಿ ಸೇರಬೇಕು ಅಂದರೆ ಯಾರದಾದರೂ ಕೈ ಮುರಿಯಲೇಬೇಕು ಅಂತ ಮಾರ್ಕೆಟಿಂಗ್‌ನವರಿಗೆ ಮನದಟ್ಟಾಗಿದೆ.

ಸಂಜೆಮಲ್ಲಿಗೆ:

ಈ ಥ್ರೆಡ್‌ಗೆ ಅಂತಲೇ ಲಾಗಿನ್ ಆದೆ. ಬೆಂಗಳೂರಿನಲ್ಲಿ ಹೊರದೇಶದ ಗೇಮ್‌ಗಳಿಗೆ ಆರ್ಟ್ ಮಾಡಿಕೊಡುವ ಸ್ಟುಡಿಯೋದಲ್ಲಿ ಇದ್ದೆ. ಹೆಸರು ಬೇಡ, ಸಹಿ ಹಾಕಿದ ಕಾಗದ ಇನ್ನೂ ಜೀವಂತ ಇದೆ. ಧ್ರುವ ಇಂಟರಾಕ್ಟಿವ್ ಅನ್ನೋ ಗೇಮ್ ಸ್ಟುಡಿಯೋ 1997ರಲ್ಲೇ ಶುರುವಾದ ಊರು ಇದು, ಅದನ್ನು 2019ರಲ್ಲಿ ಜಿಟಿಎ ಆಟಗಳ ರಾಕ್‌ಸ್ಟಾರ್ ಕಂಪನಿ ಕೊಂಡಿತು. ಹಾಗಾಗಿ ನೀವು ನೋಡುವ ಎಷ್ಟೋ ಕಾರು, ಗೋಡೆ, ಬಂದೂಕು ನಮ್ಮೂರ ಹುಡುಗ ಹುಡುಗಿಯರ ಕೈಕೆಲಸ. ನಮ್ಮ ಟೀಮಿಗೆ ಒಂದು ಸಲ ಗಾಯ ಬಂತು.

ಗಾಯ ಮಾಡೋದು ಹೇಗೆ ಅಂದರೆ, ಮೊದಲು ಚರ್ಮ, ಅದರ ಕೆಳಗೆ ಹಳದಿ ಕೊಬ್ಬು, ಅದರ ಕೆಳಗೆ ಮಾಂಸ, ಆಮೇಲೆ ಮೂಳೆ. ಪ್ರತಿ ಪದರಕ್ಕೂ ಹೊಳಪು ಬೇರೆ. ರಕ್ತ ಹೊಸದಾದರೆ ಹೊಳಪು ಜಾಸ್ತಿ, ಒಣಗಿದರೆ ಕಂದು. ನಾನು ಮೊದಲ ಸಲ ಮಾಡಿದ್ದಕ್ಕೆ ಬಂದ ಫೀಡ್‌ಬ್ಯಾಕ್: ಟೊಮೆಟೊ ಸಾಸ್ ಥರ ಇದೆ, ಇನ್ನೂ ಒದ್ದೆ ಬೇಕು. ಹದಿನಾಲ್ಕು ಸಲ ತಿದ್ದಿದೆ. ಮಧ್ಯಾಹ್ನ ಡಬ್ಬಿ ತೆಗೆದರೆ ಬೀಟ್‌ರೂಟ್ ಪಲ್ಯ. ಮುಚ್ಚಿಟ್ಟೆ.

ಆಟದಲ್ಲಿ ಆ ಗಾಯ ಅರ್ಧ ಸೆಕೆಂಡ್ ಕಾಣುತ್ತದೆ, ನೀವು ಓಡುತ್ತಿರುತ್ತೀರಿ, ಕತ್ತಲು ಬೇರೆ. ಟ್ರೇಲರ್‌ಗೆ ಅದೇ ಗಾಯದ ಹತ್ತಿರ ಕ್ಯಾಮೆರಾ ಹೋಗಿ ನಿಲ್ಲುತ್ತದೆ. ವೇಗ ಕಮ್ಮಿ ಮಾಡುತ್ತಾರೆ, ಲೈಟು ಹಾಕುತ್ತಾರೆ, ಸದ್ದು ಬೇರೆ ಮಾಡಿಸುತ್ತಾರೆ. ಅಂದರೆ ಟ್ರೇಲರ್‌ನ ಹಿಂಸೆ ಆಟದ ಹಿಂಸೆಯ ತುಣುಕಲ್ಲ, ಅದನ್ನು ಬೇರೆಯಾಗಿಯೇ ತಯಾರು ಮಾಡಿರುತ್ತಾರೆ. ಒಂದೇ ಟ್ರೇಲರ್‌ಗೆ ಎರಡು ಮೂರು ಕಟ್ ಇರುತ್ತಿತ್ತು. ಒಂದರಲ್ಲಿ ರಕ್ತ, ಒಂದರಲ್ಲಿ ರಕ್ತ ಇಲ್ಲ, ಇನ್ನೊಂದರಲ್ಲಿ ಏಟು ಬೀಳೋ ಮುಂಚೆ ಕತ್ತಲೆ. ನಿಜ ಹೇಳಲಾ, ನಮಗೆಲ್ಲ ಹೆಚ್ಚು ಭಯ ಆಗುತ್ತಿದ್ದದ್ದು ಕತ್ತಲೆಯದ್ದು.

ನಂದು ಬರೀ ಎರಡು ತಿಂಗಳ ಕೆಲಸ. 2019ರಲ್ಲಿ ಮಾರ್ಟಲ್ ಕಾಂಬ್ಯಾಟ್ 11 ಬಂದಾಗ ಅದರಲ್ಲಿ ಕೆಲಸ ಮಾಡಿದವರೊಬ್ಬರು, ನಿಜವಾದ ಸಾವಿನ ಚಿತ್ರಗಳನ್ನು ನೋಡೀ ನೋಡೀ ನಿದ್ದೆ ಹೋಯಿತು, ಡಾಕ್ಟರ ಹತ್ತಿರ ಹೋಗಬೇಕಾಯಿತು ಅಂತ ಹೆಸರು ಹೇಳದೆ ಪತ್ರಕರ್ತರಿಗೆ ಹೇಳಿಕೊಂಡಿದ್ದರು. ಅದನ್ನು ಓದಿದ ದಿನ ಸುಮ್ನೆ ಕೂತುಬಿಟ್ಟಿದ್ದೆ.

ಆಮೇಲೆ ಹಳೇ_ಕ್ಯಾಸೆಟ್ ಸರ್, ಕೈ ಮುರಿಯಲೇಬೇಕು ಅಂತೇನಿಲ್ಲ. 2023ರ ಡಿಸೆಂಬರ್‌ನಲ್ಲಿ ಜಿಟಿಎ 6ರ ಮೊದಲ ಟ್ರೇಲರ್ ಬಂತಲ್ಲ, ಒಂದೂವರೆ ನಿಮಿಷ. ಬೀಚು, ಟ್ರಾಫಿಕ್ಕು, ಅಂಗಡಿಗೆ ನುಗ್ಗೋ ಮೊಸಳೆ. ರಕ್ತ ಒಂದು ಹನಿ ನನಗೆ ಕಾಣಲಿಲ್ಲ. ಒಂದೇ ದಿನದಲ್ಲಿ 9 ಕೋಟಿ ಸಲ ನೋಡಿದರು ಜನ. ಜಿಟಿಎ ಅನ್ನೋ ಹೆಸರೇ ಸಾಕು ಅನ್ನಬಹುದು. ಸರಿ, ಆದರೆ ಲಾಸ್ಟ್ ಆಫ್ ಅಸ್‌ಗೆ ಹೆಸರಿಗೇನು ಬರ ಇತ್ತಾ?

ಚೆಂಡೆ_ಮದ್ದಳೆ:

ಮಲ್ಲಿಗೆಯವರ ಬೀಟ್‌ರೂಟ್ ಪಲ್ಯ ಇನ್ನು ಒಂದು ವಾರ ಮರೆಯೋದಿಲ್ಲ ಮಾರಾಯ್ರೆ.

ನಾವು ಯಕ್ಷಗಾನ ನೋಡಿ ಬೆಳೆದವರು. ದುಶ್ಶಾಸನ ವಧೆ ಅಂದರೆ ಸಣ್ಣದಾ? ಎದೆ ಬಗೆದು ರಕ್ತ ಕುಡಿಯುವುದು. ನಮ್ಮಜ್ಜಿ ತೊಡೆ ಮೇಲೆ ಮಲಗಿಸಿಕೊಂಡು ತೋರಿಸಿದ್ದಾರೆ, ಯಾರೂ ರೇಟಿಂಗ್ ಕೇಳಲಿಲ್ಲ. ಆದರೆ ಆ ಎದೆ ಬಗೆಯುವುದಕ್ಕೆ ಬೆಳಗಿನ ಜಾವ ಆಗಬೇಕು. ಅಷ್ಟರೊಳಗೆ ಜೂಜು ಆಗಿದೆ, ಸೀರೆ ಎಳೆದದ್ದು ಆಗಿದೆ, ದ್ರೌಪದಿ ಶಪಥ ಮಾಡಿದ್ದಾಳೆ, ಭೀಮನ ಸಿಟ್ಟು ನಿಮ್ಮ ಮೈಗೂ ಬಂದಿದೆ. ಆಗ ಕೊಲೆ ಕೊಲೆ ಅಂತ ಅನ್ನಿಸುವುದೇ ಇಲ್ಲ. ಈಗ ಆ ಕೊನೆಯ ಐದು ನಿಮಿಷ ಮಾತ್ರ ಕತ್ತರಿಸಿ, ಭೀಮ ಯಾರು ಅಂತಲೂ ಹೇಳದೆ ಬಸ್‌ಸ್ಟ್ಯಾಂಡಿನಲ್ಲಿ ತೋರಿಸಿ ನೋಡುವ. ಇವ ಯಾವ ರಾಕ್ಷಸ ಅಂತ ಕೇಳುತ್ತಾರೆ ಜನ. ರೊಟ್ಟಿಯವರ ಅವ್ವ ಕೇಳಿದ್ದು ಅದನ್ನೇ.

ಇದನ್ನೇ ಇನ್ನೊಬ್ಬರು ಬಳಸಿಕೊಂಡದ್ದೂ ಉಂಟು. 2018ರ ಮಾರ್ಚ್‌ನಲ್ಲಿ, ಅಮೆರಿಕದ ಪಾರ್ಕ್‌ಲ್ಯಾಂಡ್ ಶಾಲೆಯ ಗುಂಡಿನ ದಾಳಿಯಾಗಿ ಮೂರು ವಾರಕ್ಕೆ, ಟ್ರಂಪ್ ಗೇಮ್ ಕಂಪನಿಯವರನ್ನು ಕರೆಸಿ ಒಂದು ವಿಡಿಯೋ ತೋರಿಸಿದರು. ಕಾಲ್ ಆಫ್ ಡ್ಯೂಟಿ ಮುಂತಾದ ಆಟಗಳಿಂದ ಬರೀ ಕೊಲೆಗಳನ್ನು ಹೆಕ್ಕಿ ಜೋಡಿಸಿದ 88 ಸೆಕೆಂಡ್. ಗೇಮರ್‌ಗಳು ಎಲ್ಲ ಬೊಬ್ಬೆ ಹೊಡೆದರು, ಸಂದರ್ಭ ಬಿಟ್ಟು ತೋರಿಸಿದ್ದಾರೆ, ಮೋಸ ಅಂತ. ಹೌದು, ಮೋಸವೇ. ಆದರೆ ಸಂದರ್ಭ ಬಿಟ್ಟು ಕೊಲೆ ಹೆಕ್ಕಿ ಜೋಡಿಸುವ ವಿದ್ಯೆ ಕಲಿಸಿದ್ದು ಯಾರು? ಅದೇ ಕಂಪನಿಗಳ ಟ್ರೇಲರ್ ಅಲ್ವಾ? ಗೇಮ್ಸ್ ಫಾರ್ ಚೇಂಜ್ ಅನ್ನುವ ಸಂಸ್ಥೆ ಅದಕ್ಕೆ ಉತ್ತರವಾಗಿ ಸರಿಯಾಗಿ 88 ಸೆಕೆಂಡಿನದ್ದೇ ಇನ್ನೊಂದು ವಿಡಿಯೋ ಬಿಟ್ಟಿತು, ಬರೀ ಚೆಂದದ ದೃಶ್ಯಗಳದ್ದು. ಅದು ನೋಡಿದರೆ ಎಲ್ಲ ಆಟವೂ ಆಡಬೇಕು ಅಂತ ಆಗುತ್ತದೆ.

ಪಿಕ್ಸೆಲ್‌ಪುಟ್ಟ:

@ಚೆಂಡೆ_ಮದ್ದಳೆ 88 ಸೆಕೆಂಡಿನ ಏಟು ಚೆನ್ನಾಗಿ ಬಿತ್ತು, ಒಪ್ಪಿದೆ. ಆದರೂ ಸಂದರ್ಭ ಪೂರ್ತಿ ಹೇಳಿಬಿಟ್ಟರೆ ಅದು ಟ್ರೇಲರ್ ಹೇಗಾಗುತ್ತೆ? ಕಥೆ ಮುಚ್ಚಿಡೋದೇ ಅದರ ಕೆಲಸ.

ಎರಡುಮಕ್ಕಳತಾಯಿ:

ಎಲ್ಲರೂ ರಕ್ತ ರಕ್ತ ಅಂತಿದ್ದೀರಿ. ಆ ದಿನ ಪ್ಯಾರಿಸ್‌ನಲ್ಲಿ ಅದೇ ವೇದಿಕೆಯಲ್ಲಿ ಡೆಟ್ರಾಯಿಟ್ ಬಿಕಮ್ ಹ್ಯೂಮನ್ ಆಟದ ಟ್ರೇಲರ್ ಕೂಡ ಇತ್ತು. ಅದರಲ್ಲಿ ರಕ್ತ ಅಷ್ಟೇನೂ ಇಲ್ಲ. ಕುಡಿದ ಅಪ್ಪ, ಊಟದ ಟೇಬಲ್, ಹೆದರಿದ ಮಗಳು, ಮನೆಕೆಲಸದ ಆ್ಯಂಡ್ರಾಯ್ಡ್ (ಮನುಷ್ಯರಂತೆ ಕಾಣುವ ರೋಬೋ) ಹೆಣ್ಣು. ಅಪ್ಪ ಬೆಲ್ಟ್ ಹಿಡಿದು ಮಹಡಿ ಮೆಟ್ಟಿಲು ಹತ್ತುತ್ತಾನೆ. ಆಟಗಾರ ಏನು ಮಾಡಿದರೆ ಏನಾಗುತ್ತದೆ ಅಂತ ಒಂದರ ಹಿಂದೆ ಒಂದು ತೋರಿಸುತ್ತಾರೆ, ಒಂದರಲ್ಲಿ ಮಗು ಸತ್ತಿರುತ್ತದೆ. ಬ್ರಿಟನ್ನಿನಲ್ಲಿ ಸಂಸದರು, ಮಕ್ಕಳ ಪರ ಕೆಲಸ ಮಾಡುವವರು ಎದ್ದು ನಿಂತರು. ಆಟದ ನಿರ್ದೇಶಕ ಡೇವಿಡ್ ಕೇಜ್ ಅದನ್ನು ಸಮರ್ಥಿಸಿಕೊಂಡರು.

ನಾನು ಸಣ್ಣವಳಿದ್ದಾಗ ನಮ್ಮ ವಠಾರದಲ್ಲಿ ಗೋಡೆ ಆಚೆ ಮನೆಯಲ್ಲಿ ದಿನಾ ಆ ಬೆಲ್ಟ್ ಸದ್ದು. ಆ ಮೆಟ್ಟಿಲು ಹತ್ತುವ ಹೆಜ್ಜೆ ಕೇಳಿ ನನ್ನ ಹೊಟ್ಟೆ ತೊಳೆಸಿತು, ಲಾಸ್ಟ್ ಆಫ್ ಅಸ್‌ನ ಸುತ್ತಿಗೆ ನೋಡಿ ಹಾಗಾಗಿರಲಿಲ್ಲ. ಅದಕ್ಕೇ ಹೇಳುತ್ತೇನೆ, ರಕ್ತ ಎಷ್ಟು ಲೀಟರ್ ಅಂತ ಅಳೆದು ರೇಟಿಂಗ್ ಕೊಟ್ಟರೆ ಪ್ರಯೋಜನ ಇಲ್ಲ. ಇಂಥದ್ದು ಬರುತ್ತದೆ ಅಂತ ಮೊದಲೇ ಒಂದು ಸಾಲು ಹಾಕಿದರೆ ಸಾಕಿತ್ತು. ನಾನು ಎದ್ದು ಒಳಗೆ ಹೋಗುತ್ತಿದ್ದೆ, ಬೇಕಾದವರು ನೋಡಿಕೊಳ್ಳಲಿ.

ನಮ್ಮಲ್ಲಂತೂ ಥಿಯೇಟರ್‌ನಲ್ಲಿ ಹಾಕುವ ಸಿನಿಮಾ ಟ್ರೇಲರ್‌ಗೆ ಸೆನ್ಸಾರ್ ಸರ್ಟಿಫಿಕೇಟ್ ಬೇಕು. ಗೇಮ್‌ಗೆ ಅಂಥ ಮಂಡಳಿಯೇ ಇಲ್ಲ. ಬರಲಿ ಅಂತಲೂ ನನಗೆ ಆಸೆ ಇಲ್ಲ, ಬಂದರೆ ಮೊದಲು ಮುತ್ತು ಕೊಡುವ ದೃಶ್ಯಕ್ಕೆ ಕತ್ತರಿ ಹಾಕುತ್ತಾರೆ.

ಜೋಳದರೊಟ್ಟಿ_88:

ಎಲ್ಲರಿಗೂ ಥ್ಯಾಂಕ್ಸ್. ಎರಡುಮಕ್ಕಳತಾಯಿ ಮೇಡಂ, ನಿಮ್ಮ ಮಾತು ನಾಟಿತು. ಹಾಕುವ ಮುಂಚೆ ‘ಅವ್ವಾ, ಸ್ವಲ್ಪ ಹೊಡೆದಾಟ ಐತಿ, ನೋಡಬ್ಯಾಡ’ ಅಂತ ನಾನಾದರೂ ಒಂದು ಮಾತು ಹೇಳಬಹುದಿತ್ತು.

ಇನ್ನೊಂದು ವಿಷಯ. ಮುಂದೆ ಸ್ಪಾಯ್ಲರ್ (ಆಟದ ಕಥೆಯ ಗುಟ್ಟು) ಇದೆ, ಆಡಬೇಕೆಂದಿರುವವರು ಇಲ್ಲಿಗೆ ನಿಲ್ಲಿಸಿ.

ನಿನ್ನೆ ರಾತ್ರಿ ಅವ್ವ ಫೋನ್ ಮಾಡಿದ್ದಳು. ಊಟ ಆಯ್ತಾ, ಮಳೆ ಬಂತಾ ಎಲ್ಲಾ ಕೇಳಿ ಇಡುವ ಹೊತ್ತಿಗೆ, ‘ಅಲ್ಲೋ, ಆ ಹುಡುಗಿ ಕೈ ಆರಾಮ ಆತೇನು?’ ಅಂದಳು. ಯಾವ ಹುಡುಗಿ ಅಂತ ಒಂದು ಕ್ಷಣ ಹೊಳೆಯಲಿಲ್ಲ. ಆಮೇಲೆ ಹೇಳಿದೆ. ಅವಳ ಹೆಸರು ಯಾರಾ, ಟ್ರೇಲರ್‌ನಲ್ಲಿ ಅವಳನ್ನು ಉಳಿಸಲು ಬಾಣ ಬಿಟ್ಟವನು ಅವಳ ತಮ್ಮ ಲೆವ್. ಕೈ ಆರಾಮ ಆಗಲಿಲ್ಲವ್ವ, ಕತ್ತರಿಸಬೇಕಾಯಿತು. ನೇಣಿನಲ್ಲಿ ನೇತಾಡುತ್ತಿದ್ದಳಲ್ಲ, ಅವಳೇ ಆ ಲೆವ್‌ನ ಜೊತೆ ಮುಗಿಲೆತ್ತರದ ಕಟ್ಟಡಗಳ ಮೇಲೆ ಹಾದು ಆಸ್ಪತ್ರೆಗೆ ಹೋಗಿ ಬೇಕಾದ ಸಾಮಾನು ತಂದಳು. ಅವಳಿಗೆ ಎತ್ತರ ಅಂದರೆ ಜೀವ ಹೋಗುವಷ್ಟು ಭಯ, ಆದರೂ ಹೋದಳು. ‘ಹೌದಾ? ತನಗೆ ಏನೂ ಆಗಬೇಕಾಗಿಲ್ಲದವಳು?’ ಅಂದಳು ಅವ್ವ. ಯಾಕೆ ಹೋದಳು ಅಂತ ಹೇಳಲು ಅವಳಪ್ಪನ ಕಥೆ ಹೇಳಬೇಕಾಯಿತು, ಅಪ್ಪನ ಕಥೆಗೆ ಜೋಯೆಲ್ ಕಥೆ, ಹಾಗೇ ಹಿಂದೆ ಹಿಂದೆ ಹೋಗಿ 40 ನಿಮಿಷ ಆಯಿತು. ಮುಂದಿನ ವಾರ ಬಂದಾಗ ಉಳಿದದ್ದು ಹೇಳು ಅಂದಿದ್ದಾಳೆ.

ಪಿಕ್ಸೆಲ್‌ಪುಟ್ಟ:

ಅಂದರೆ ಟ್ರೇಲರ್ ಕೆಲಸ ಮಾಡಿದೆ ಅಂತಾಯ್ತು. 😄 ನಾನು ಓಡಿದೆ.